ಹಿಂಡುವಾಗ ಮಾತ್ರ ಮಾಲೀಕ

ನಮ್ಮ ಓಣಿಯ ಒಂದು ಆಕಳಿಗೆ ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ ಮಾಲೀಕನಿರುತ್ತಿದ್ದ, ನಮ್ಮ ಹಾಲಿನವ. ಹಾಲು ಹಿಂಡಿ, ಬೆನ್ನ ಮೇಲೊಂದು ಏಟು ಕೊಟ್ಟು ಹೊರಗೆ ಬಿಟ್ಟನೆಂದರೆ ಅದು ಊರಿನ ಆಕಳು. ಮೇಯಿಸುವ ಹೊಣೆ ಕಸದ ತೊಟ್ಟಿಗೂ ನಮಗೂ ಸೇರಿತ್ತು. ಮೊದಲ ರೊಟ್ಟಿ ಆಕಳಿಗೆ ಎಂಬುದು ನಮ್ಮ ಮನೆಗಳ ಪದ್ಧತಿ. ಕೊಟ್ಟು, ಮುಟ್ಟಿ, ಕಣ್ಣಿಗೊತ್ತಿಕೊಂಡು ಒಳಗೆ ಬಂದರೆ ಆ ದಿನದ ಪುಣ್ಯದ ಕೆಲಸ ಮುಗಿದಂತೆ. ನನ್ನ ಚಹಾದ ಹಾಲೂ ಅದರದೇ ಆದ್ದರಿಂದ ನಾನೂ ಸುಮ್ಮನಿದ್ದೆ.

ಒಂದು ದಿನ ಟೆಂಪೊ ಬಡಿದು ಅದರ ಹಿಂಗಾಲಿನ ಚರ್ಮ ಹರಿಯಿತು. ನಮ್ಮ ಗೇಟಿನ ಮುಂದೆ ಬಂದು ಮಲಗಿತು. ಮರುದಿನ ಹಾಲಿನವ ಚರಿಗೆ ಹಿಡಿದು ಅಲ್ಲಿಗೇ ಬಂದ. ಎಬ್ಬಿಸಿ ನಿಲ್ಲಿಸಿ ಹಿಂಡಿಕೊಂಡ. ಕರ್ತವ್ಯನಿಷ್ಠೆ ಎಂದರೆ ಇದು.

"ಡಾಕ್ಟರಿಗೆ ತೋರಸಪಾ, ಗಾಯಕ್ಕ ನೊಣ ಮುತ್ತಾಕತ್ತಾವ" ಎಂದೆ.

"ಅರಿಶಿಣ ಹಚ್ಚೇನ್ರಿ ಅಕ್ಕಾರ. ಮ್ಯಾಲೆ ದೇವರು ಅದಾನ."

ದೇವರಿಗೆ ಹೊಲಿಗೆ ಹಾಕಲು ಬರುತ್ತದೋ ಇಲ್ಲವೋ ಎಂದು ನಾನು ಠಾಣೆಗೆ ಹೋಗಿ ಅರ್ಜಿ ಕೊಟ್ಟೆ. ಪ್ರಾಣಿಯನ್ನು ಹೀಗೆ ನರಳಲು ಬಿಟ್ಟ ಮಾಲೀಕನಿಗೆ ಶಿಕ್ಷೆ ವಿಧಿಸುವ ಕಾನೂನು ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅದಕ್ಕೆ ಬೇಕಾದದ್ದು ಒಬ್ಬ ಮಾಲೀಕ, ಅಷ್ಟೆ.

ಪೇದೆ ಬಂದು ಹಾಲಿನವನನ್ನೂ ಓಣಿಯವರನ್ನೂ ಕರೆದು ಕೇಳಿದ: "ಯಾರದ್ರಿ ಈ ಆಕಳಾ?"

ಹಾಲಿನವ ಅದನ್ನು ಆಗಷ್ಟೇ ಕಂಡವನಂತೆ ನೋಡಿದ. "ನಂದಲ್ರಿ ಸಾಹೇಬ್ರ. ಬಿಡಾಡಿ ದನಾ ಇರಬೇಕು."

ಎದುರು ಮನೆಯಾಕೆ, "ನಾವು ರೊಟ್ಟಿ ಅಷ್ಟ ಕೊಡ್ತೀವ್ರಿ, ನಮಗೇನ ಗೊತ್ತು?" ಎಂದು ಬಾಗಿಲು ಹಾಕಿಕೊಂಡಳು.

ಪೇದೆ ಬೇಸರಪಡಲಿಲ್ಲ. "ಛಲೋ ಆತು. ಮಾಲಕರ ಇಲ್ಲಂದ್ರ ಗೋಶಾಲಿ ಗಾಡಿ ಕರಸ್ತೇನಿ. ಇನ್ನ ಅಲ್ಲೇ ಇರ್ಲಿ" ಎಂದು ಫೋನ್ ತೆಗೆದ.

"ಏ ತಡೀರಿ ಸಾಹೇಬ್ರ! ನಾಕ ಲೀಟರ್ ಹಾಲ ಕೊಡೋ ಆಕಳಾನ ಹೆಂಗ ಒಯ್ತೀರಿ?"

"ಯಾರಿಗೆ ಕೊಡ್ತೇತಿ?"

"ನನಗ್ರೀ!"

ಪೇದೆ ಅಷ್ಟನ್ನೇ ಬರೆದುಕೊಂಡು ಕೆಳಗೆ ಅವನ ಸಹಿ ಹಾಕಿಸಿದ. ಸಂಜೆಯೊಳಗೆ, ಶಿಕ್ಷೆಯ ಭಯಕ್ಕೆ ಅವನೇ ಕರೆಸಿದ ಪಶುವೈದ್ಯರು ಬಂದು ಗಾಯ ತೊಳೆದು ಹೊಲಿಗೆ ಹಾಕಿದರು. ಮಾಯುವವರೆಗೆ ಆಕಳನ್ನು ಹೊರಗೆ ಬಿಡಕೂಡದು, ಔಷಧ ನಡೆದಿರುವಾಗ ಹಾಲು ಮಾರಕೂಡದು ಎಂದೂ ತಾಕೀತು ಮಾಡಿದರು.

ಈಗ ಅದು ಅವನ ಹಿತ್ತಲಲ್ಲಿದೆ. ಕುಂಟುತ್ತದೆ, ಆದರೆ ತಾನಾಗಿ ಏಳುತ್ತದೆ. ಮೊನ್ನೆ ಅವನು ಹುಲ್ಲಿನ ಹೊರೆ ಹೊತ್ತುಕೊಂಡು ನನ್ನ ಗೇಟಿನ ಮುಂದೆ ನಿಂತ. ಮುಖದಲ್ಲಿ ದೊಡ್ಡ ಅನ್ಯಾಯಕ್ಕೆ ಒಳಗಾದವನ ಕಳೆ.

"ಕಟ್ಟಿದಾಗಿಂದ ದಿನಾ ಮೇವು ಕೇಳ್ತೇತ್ರಿ ಅಕ್ಕಾರ. ಮೊದಲ ಹಿಂಗ ಇರಲಿಲ್ರಿ ಅದು!"