ಕೂರದೆ ಉಳಿದ ಐದು ನಿಮಿಷ

ಬೆಳಗಿನ ಐದೂವರೆ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ವಿಲೋಬೆಂಡ್ ಊರಿನ ಐಸ್ ಹಾಕಿ ಅಂಕಣದಲ್ಲಿ ಓರೆಸ್ಟ್ ಬಾಬಿಯಾಕ್ ಐಸ್ ನುಣುಪು ಮಾಡುವ ಯಂತ್ರ ಓಡಿಸುತ್ತಿದ್ದಾರೆ. ಯಂತ್ರದಡಿಯ ಅಲಗು ಹೆರೆಯುತ್ತ ಹೋಗುತ್ತದೆ, ಹಿಂದಿನಿಂದ ಬಿಸಿನೀರು ಸುರಿಯುತ್ತದೆ.

"ಕನ್ನಡಿ ಥರ ಆಗ್ಬೇಕು ಅಂದ್ರೆ ಬಿಸಿನೀರೇ ಬೇಕು. ನನ್ನ ಸ್ನಾನಕ್ಕೇ ಇಷ್ಟು ಬಿಸಿನೀರು ಸಿಗಲ್ಲ ನೋಡಿ," ಎಂದು ನಗುತ್ತಾರೆ. ಮುಂದಿನ ನಾಲ್ಕು ಹಲ್ಲುಗಳಿಲ್ಲ.

"ಓರೆಸ್ಟ್, ಆ ಕಡೆ ಆಗ್ಲೇ ಆಯ್ತು ಕಣೋ! ಎರಡು ಸಲ ಸುತ್ತಿದೀಯ!" ಬೆಂಚಿನಿಂದ ಹೆಂಡತಿ ಲೆಸಿಯಾ ಕೂಗುತ್ತಾರೆ.

"ಎರಡು ಸುತ್ತಾದ್ರೆ ಎರಡರಷ್ಟು ಚೆಂದ ಕಣೇ!"

ಲೆಸಿಯಾ ನಗುವುದಿಲ್ಲ. ಮೂರು ವರ್ಷದಿಂದ ಗಂಡನಿಗೆ ಮರೆವು. ಹೆಂಡತಿ ಜೊತೆಗಿದ್ದರೆ ಮಾತ್ರ ಯಂತ್ರದ ಕೀಲಿ ಎಂದು ಅಂಕಣದ ಸಮಿತಿಯವರು ಹೇಳಿದ್ದಾರೆ. ತಲೆಗೆ ಬಿದ್ದ ಏಟುಗಳ ಫಲ ಇದು ಎಂದು ವೈದ್ಯರು ಹೇಳಿಯಾಗಿದೆ.

ಏಟು ತಿನ್ನುವುದೂ ಕೊಡುವುದೂ ಅವರ ಉದ್ಯೋಗವಾಗಿತ್ತು. ಹದಿನೇಳು ವರ್ಷ, ಒಂಬತ್ತು ತಂಡ, ಆರುನೂರ ಹನ್ನೊಂದು ಪಂದ್ಯ. ಗೋಲು ಬರೀ ಹದಿನಾಲ್ಕು. ದೊಡ್ಡ ಲೀಗಿನಲ್ಲಿ ಆಡಿದ್ದು ನಾಲ್ಕೇ ಪಂದ್ಯ. ತಮ್ಮ ತಂಡದ ಚುರುಕು ಹುಡುಗರ ಮೈಮುಟ್ಟಿದವರಿಗೆ ಗುದ್ದಲೆಂದೇ ಇವರನ್ನು ಇಟ್ಟುಕೊಂಡಿದ್ದರು. ಹೊಡೆದಾಡಿದವನು ಅಂಕಣದ ಬದಿಯ ಗಾಜಿನ ಕಟಕಟೆಯಲ್ಲಿ ಐದು ನಿಮಿಷ ಕೂರಬೇಕು, ಅದು ನಿಯಮ. ಹಾಗೆ ಕೂತ ಹೊತ್ತನ್ನೆಲ್ಲ ಕೂಡಿಸಿದರೆ ಎರಡು ಹಗಲು, ಎರಡು ರಾತ್ರಿ. ಅವರು ಹೊಡೆದಾಟಕ್ಕೆಂದು ಕೈಗವಸು ಕಳಚಿ ಎಸೆದಾಗಲೆಲ್ಲ, ನೋಡಲು ಬಂದ ನಾವು ಎದ್ದು ನಿಂತು ಕೂಗಿದ್ದೇವೆ. ನಾನೂ ಗಂಟಲು ಹರಿಯುವಂತೆ ಕೂಗಿದವನೇ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎದುರು ತಂಡದಲ್ಲಿ ಇದೇ ಕೆಲಸಕ್ಕಿದ್ದವನು ರೇಜಾನ್ ಕೊಮೊ. ಇಬ್ಬರೂ ಹನ್ನೆರಡು ಸಲ ಹೊಡೆದಾಡಿದ್ದಾರೆ. ಗೆಳೆಯರಾಗಿದ್ದಿರಾ ಎಂದು ಕೇಳಿದೆ.

"ಗೆಳೆಯ ಅಲ್ಲ ಮಾರಾಯ. ಇಬ್ರದ್ದೂ ಒಂದೇ ಕೂಲಿ. ಅವನ ಕೈ ಎಷ್ಟು ನೋಯುತ್ತೆ ಅಂತ ನಂಗೊಬ್ಬನಿಗೇ ಗೊತ್ತಿತ್ತು."

ಹನ್ನೆರಡನೆಯ ಸಲ, ಕೊಮೊನ ಬಲಗೈಗೆ ಪಟ್ಟಿ ಸುತ್ತಿತ್ತು. ಶಿರಸ್ತ್ರಾಣಕ್ಕೆ ಗುದ್ದಿದರೆ ಬೆರಳಿನ ಗೆಣ್ಣು ಒಡೆಯುತ್ತದೆ. ಅವನ ಕೈ ಉಳಿಯಲಿ ಎಂದು ಓರೆಸ್ಟ್ ತಮ್ಮ ಶಿರಸ್ತ್ರಾಣ ಬಿಚ್ಚಿ ಬದಿಗಿಟ್ಟರು. ಈ ಕೆಲಸದವರ ನಡುವೆ ಇದೊಂದು ಮರ್ಯಾದೆ. ಮರ್ಯಾದೆಗೆ ಮರ್ಯಾದೆ ಎಂದು ಕೊಮೊನೂ ತನ್ನದನ್ನು ಬಿಚ್ಚಿದ. ಓರೆಸ್ಟ್ ಕೊಟ್ಟದ್ದು ಒಂದೇ ಏಟು. ಕೊಮೊನ ಕಾಲು ಜಾರಿತು, ಹಿಂದಲೆ ಐಸಿಗೆ ಬಡಿಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅಯ್ಯೋ, ಎಂಥ ಮರ್ಯಾದೆ ಅದು!

"ಆಟ ಅಲ್ಲಿಗೇ ನಿಲ್ಲಿಸಿಬಿಟ್ರು. ಎಲ್ರೂ ಬೆನ್ನು ತಟ್ಟಿ, ನಿಂದೇನೂ ತಪ್ಪಿಲ್ಲ ಅಂದ್ರು. ಹೋಗಿ ಕೂರು ಅಂತ ಒಬ್ರೂ ಹೇಳ್ಲಿಲ್ಲ. ಆ ಐದು ನಿಮಿಷ ಹಾಗೇ ಉಳೀತು."

ಅದಕ್ಕೇ, ಆಟ ಬಿಟ್ಟು ಈ ಅಂಕಣದ ಕೆಲಸಕ್ಕೆ ಸೇರಿದ ಇಪ್ಪತ್ತಾರು ವರ್ಷದಿಂದ, ಐಸ್ ಕೆಲಸ ಮುಗಿದ ಮೇಲೆ, ದಿನಾ ಐದು ನಿಮಿಷ ಕಟಕಟೆಯಲ್ಲಿ ಕೂರುತ್ತಾರೆ. ಲೆಸಿಯಾ ಗೋಡೆಯ ಮೇಲಿನ ಆಟದ ಗಡಿಯಾರವನ್ನು ಐದು ನಿಮಿಷಕ್ಕೆ ಹಾಕುತ್ತಾರೆ.

"ಮನೆ ದಾರಿ ಮರೆತ್ರೂ ಚಿಂತೆ ಇಲ್ಲ, ಇವಳು ಕರ್ಕೊಂಡು ಹೋಗ್ತಾಳೆ," ಎನ್ನುತ್ತಾರೆ ಓರೆಸ್ಟ್. "ಯಾರಿಗೋಸ್ಕರ ಕೂತಿದೀನಿ ಅನ್ನೋದು ಮರೀಬಾರ್ದು. ಮರೆತು ಕೇಳಿದ್ರೆ ನಿಜಾನೇ ಹೇಳು ಅಂತ ಇವಳ ಹತ್ರ ಆಣೆ ಹಾಕಿಸ್ಕೊಂಡಿದೀನಿ. ನನ್ನದು ಅದೊಂದೇ ಆಸೆ."

ಅವರು ಯಂತ್ರ ಒಳಗೆ ನಿಲ್ಲಿಸಲು ಹೋದಾಗ ಲೆಸಿಯಾ ನನ್ನ ಹತ್ತಿರ ಸರಿದು ಪಿಸುಗುಡುತ್ತಾರೆ: "ಆಣೆ ಹಾಕೋದು ಸುಲಭ ರೀ. ಕೇಳಿದಾಗೆಲ್ಲ ಸುಳ್ಳು ನಾಲಿಗೆ ತುದೀಲೇ ಇರುತ್ತೆ."

ಓರೆಸ್ಟ್ ಬಂದು ಕಟಕಟೆಯೊಳಗೆ ಕೂರುತ್ತಾರೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಹೊಸ ಐಸಿನಿಂದ ಹಬೆ ಏಳುತ್ತಿದೆ. ಗಡಿಯಾರ ಐದರಿಂದ ಇಳಿದು ಸೊನ್ನೆಗೆ ಬರುತ್ತದೆ. ಲೆಸಿಯಾ ಬಾಗಿಲು ತೆಗೆಯುತ್ತಾರೆ.

"ಆಯ್ತು, ಬಾ. ಆಲೂಗಡ್ಡೆ ಕಡುಬು ಬಿಸಿ ಮಾಡ್ಕೊಡ್ತೀನಿ."

ಓರೆಸ್ಟ್ ಏಳುವುದಿಲ್ಲ. "ಇವತ್ತು ಯಾರ ಜೊತೆ ಹೊಡೆದಾಡಿದೆ ನಾನು?"

ಲೆಸಿಯಾ ನನ್ನ ಕಡೆ ಒಮ್ಮೆ ನೋಡುತ್ತಾರೆ. "ರೇಜಾನ್ ಕೊಮೊ ಜೊತೆ."

"ಓ, ಅವನಾ!" ಮುಖ ಅರಳುತ್ತದೆ. "ಅವನ ಕೈ ವಾಸಿಯಾಯ್ತಾ?"

ಲೆಸಿಯಾ ಒಳಗೆ ಹೋಗಿ ಪಕ್ಕದಲ್ಲಿ ಕೂತು, ಗಂಡನ ಗಂಟುಗಟ್ಟಿದ ಕೈ ಹಿಡಿದುಕೊಳ್ಳುತ್ತಾರೆ. ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತೇನೆ.

"ಅವನು ಹೋಗ್ಬಿಟ್ಟ, ಓರೆಸ್ಟ್. ನಿನ್ನ ಏಟಿಗೆ ಬಿದ್ದು. ಇಪ್ಪತ್ತಾರು ವರ್ಷ ಆಯ್ತು."

ಈಗಷ್ಟೇ ಸುದ್ದಿ ಬಂದವರಂತೆ ಓರೆಸ್ಟ್ ಬಾಯಿಗೆ ಕೈ ಒತ್ತಿಕೊಂಡು ಅಳುತ್ತಾರೆ. ಲೆಸಿಯಾ ಬೆನ್ನು ಸವರುತ್ತ ಕೂತಿರುತ್ತಾರೆ. ಬಹಳ ಹೊತ್ತಿನ ಮೇಲೆ ಓರೆಸ್ಟ್ ಹೆಂಡತಿಯನ್ನು ಮೆಲ್ಲಗೆ ಹೊರಗೆ ಕಳಿಸಿ, ಕೈ ಚಾಚಿ, ತೆರೆದಿದ್ದ ಬಾಗಿಲನ್ನು ಒಳಗಿನಿಂದ ಎಳೆದುಕೊಳ್ಳುತ್ತಾರೆ.

"ಗಡಿಯಾರ ಹಾಕು ಹೋಗು," ಎನ್ನುತ್ತಾರೆ. "ನಾನಿನ್ನೂ ಕೂತಿಲ್ಲ ಕಣೇ."