ದ್ವೀಪದ ಮನೆ ನಮಗೇ ಸಿಕ್ಕಿತ್ತು

ಅಕ್ಕಾ, ಆ ಮನೆಯನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ನಮಗೇ ಇಟ್ಟಿದ್ದರು. ಬೇಡ ಅಂತ ಬರೆದವಳು ನಾನು.

ಹೇಳಿಬಿಟ್ಟೆ. ಎಂಟು ವರ್ಷ ಮುಚ್ಚಿಟ್ಟಿದ್ದ ಮಾತು, ಈಗಲೂ ನೆಟ್ಟಗೆ ಬರುತ್ತಿಲ್ಲ—

ಐನಾಪುರದ ಈ ಮನೆಗೆ ನೀವು ಹಿರಿಸೊಸೆ, ನಾನು ಕಿರಿಸೊಸೆ. ಮುಗಳಖೋಡದ ನಿಮ್ಮ ತವರಿನಲ್ಲಿ ಕುರಿ ಸಾಕುತ್ತಿದ್ದರು. ಅದಕ್ಕೇ ಇರಬೇಕು, ಸ್ಕಾಟ್ಲೆಂಡಿನ ಯಾವುದೋ ದ್ವೀಪದ ಕುರಿಗಳು ಸಮುದ್ರದ ಪಾಚಿ ಮೇಯುವುದನ್ನು ಮೊಬೈಲಿನಲ್ಲಿ ನೋಡಿ ನೀವು ಕೈಯಲ್ಲಿನ ಸೌಟು ಕೆಳಗಿಟ್ಟಿರಿ. "ಉಪ್ಪುನೀರಾಗಿಂದು ತಿಂದು ಕುರಿ ಬದುಕತಾವೇನ ಬೇ? ಇದನ್ನ ಕಣ್ಣಾರೆ ನೋಡಬೇಕು ನಾ." ಮದುವೆಯಾಗಿ ಬಂದಮೇಲೆ ನೀವು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆ ವರ್ಷ ದ್ರಾಕ್ಷಿ ಕೈಹಿಡಿದಿತ್ತು. ಭಾವನವರು ಹೂಂ ಅಂದರು. ನಾಲ್ಕಕ್ಷರ ಇಂಗ್ಲಿಷ್ ಬಲ್ಲವಳು ಅಂತ ಪತ್ರವ್ಯವಹಾರವೆಲ್ಲ ನನ್ನ ಕೊರಳಿಗೆ ಬಿತ್ತು.

ಅಯ್ಯಯ್ಯ, ಆ ತಯಾರಿಯೋ! ಅಲ್ಲಿ ಹೋಟೆಲ್ ಇಲ್ಲ, ಇರುವುದೊಂದೇ ಅಂಗಡಿ, ಗಾಳಿ ಜೋರಾದರೆ ದೋಣಿಯೂ ಇಲ್ಲ. ಬಾಡಿಗೆಗೆ ಸಿಗುವ ಒಂದೇ ಒಂದು ಮನೆಯನ್ನು ಗೊತ್ತುಮಾಡಿದ್ದೆ, ಅದರಲ್ಲಿ ನಾವೇ ಬೇಯಿಸಿಕೊಳ್ಳಬೇಕು. ಅಷ್ಟು ಹೇಳಿದ್ದೇ ತಡ, ಆ ಮನೆಯ ಪಾತ್ರೆಗಳಲ್ಲಿ ಹಿಂದೆ ಏನೇನು ಬೇಯಿಸಿದ್ದಾರೋ ಅನ್ನುವ ಚಿಂತೆ ಭಾವನವರಿಗೆ ಹತ್ತಿತು. "ಕೇಳಿ ಬರಿಯವಾ." ಏನಂತ ಬರೆಯಲಿ ಆ ಮನೆಯೊಡತಿ ಪುಣ್ಯಾತಗಿತ್ತಿಗೆ? ಕೊನೆಗೆ ಕುಕ್ಕರು, ಹಂಚು, ಹಿಟ್ಟು ನಾದುವ ಪರಾತ ಎಲ್ಲ ಇಲ್ಲಿಂದಲೇ ಅಂತಾಯಿತು. ಅಲ್ಲಿಯವರು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ ಉರಿಸುತ್ತಾರೆ ಅಂದೆ. ಮಣ್ಣು ಹೇಗೆ ಉರಿಯುತ್ತದೆ ಅಂತ ಅಣ್ಣತಮ್ಮಂದಿರು ಎರಡು ದಿನ ವಾದ ಮಾಡಿದರು.

ಮೂರನೆಯ ದಿನ ನಮ್ಮ ಮನೆಯವರು ಕಾಲ ಮೇಲೆ ಕಾಲು ಹಾಕಿಕೊಂಡು, "ಹೋಟೆಲ್ ಇಲ್ಲದ್ದ ಛಲೋ ಆತು ಬಿಡು. ಬಿಸಿ ಬಿಸಿ ರೊಟ್ಟಿ ಮಾಡ್ಕೊಂಡು ಉಣ್ಣೂಣು," ಅಂದರು.

ಮಾಡುವವರು ಯಾರು? ಸಮುದ್ರ ದಾಟಿ ಹೋಗಿ ಅಲ್ಲೂ ರೊಟ್ಟಿ ಬಡಿಯಬೇಕೇ ನಾನು? ಮೈಯೆಲ್ಲ ಉರಿದುಹೋಯಿತು.

ಮರುದಿನ ಮಧ್ಯಾಹ್ನ ನಡುಮನೆಗೆ ಬಂದರೆ— ಕಾಲಿಡಲು ಜಾಗವಿಲ್ಲ. ಬಿಳಿ ಧೋತರ ಹಾಸಿ, ಅದರ ತುಂಬ ಕಡಕ್ ರೊಟ್ಟಿ ಒಣಹಾಕಿದ್ದಿರಿ. ಪಕ್ಕದಲ್ಲಿ ನಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ನೀವೂ ಗಂಡಸರ ಕಡೆಯೇ ಅನಿಸಿತು ನನಗೆ, ಇಡೀ ಅಡಿಗೆಮನೆಯನ್ನು ಗಂಟುಕಟ್ಟಿ ನನ್ನ ತಲೆಗೆ ಹೊರಿಸುತ್ತಿದ್ದೀರಿ ಅಂತ. ಕೇಳಬೇಕಿತ್ತು. ಕೇಳಲಿಲ್ಲ. ಹಿತ್ತಲಿಗೆ ಹೋಗಿ, ನಾವು ಬರುವುದಿಲ್ಲ ಅಂತ ಬರೆದು ಕಳಿಸಿದೆ. ಸಂಜೆ ಎಲ್ಲರೆದುರು ಮೊಬೈಲ್ ಹಿಡಿದು, ಬಾರದ ಉತ್ತರವನ್ನು ಬಂದಂತೆ ಓದಿದೆ: "ಆ ಮನಿ ಬ್ಯಾರೇದವ್ರಿಗೆ ಕೊಟ್ಟಾರಂತ್ರಿ."

ನೀವು ಧೋತರದ ಮುಂದೆ ಕೂತಿರಿ. ರೊಟ್ಟಿಗಳನ್ನು ಒಂದೊಂದೇ ಎತ್ತಿ ಡಬ್ಬಿಗೆ ತುಂಬಿದಿರಿ. ಗಂಡಸರು ಎದ್ದುಹೋದ ಮೇಲೆ ಸಣ್ಣ ದನಿಯಲ್ಲಿ ಅಂದಿರಿ— "ಅಲ್ಲಿ ನೀ ಒಲಿ ಮುಂದ ನಿಂದರಬಾರದಂತ ಮಾಡಿದ್ದೆ ಬೇ. ಅವರ ಮುಂದ ಡಬ್ಬಿ ಇಟ್ಟು, ನಾವಿಬ್ರೂ ದಿನಾ ಕುರಿ ನೋಡಾಕ ಹೋಗೂಣಂತ."

ಆಗಲಾದರೂ ಬಾಯಿ ಬಿಡಬಹುದಿತ್ತು. ಆ ಹೆಂಗಸಿಗೆ ಮತ್ತೊಮ್ಮೆ ಬರೆಯಬಹುದಿತ್ತು. ನಾನು— "ಇರಲಿ ಬಿಡ್ರಿ ಅಕ್ಕಾ, ಬರೂ ವರ್ಷ ಹೋದರಾತು," ಅಂದೆ. ನಾಚಿಕೆಯಾಗುತ್ತದೆ. ಆ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿಂಗಳುಗಟ್ಟಲೆ ಉಂಡೆವು. 

ಬರುವ ವರ್ಷ ಹೋಗಲಿಲ್ಲ, ಅದರಾಚೆಗೂ ಇಲ್ಲ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ನಿಮ್ಮ ಕಣ್ಣು ತಿಂದಿತು. ಈಗ ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುತ್ತೀರಿ. ಆದರೂ ಒಮ್ಮೊಮ್ಮೆ, "ಆ ಕುರಿ ಇನ್ನೂ ಅದಾವೇನ, ಮೊಬೈಲಿನಾಗ ನೋಡಿ ಹೇಳು," ಅಂತೀರಿ. ನೋಡಿ ಹೇಳುತ್ತೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನ್ನ ಸಿಟ್ಟು ಗಂಡಸರ ಮೇಲೆ, ಕಸಿದುಕೊಂಡದ್ದು ನಿಮ್ಮದನ್ನು. ಅವರು ಆ ದ್ವೀಪವನ್ನು ಮರೆತೇ ಬಿಟ್ಟಿದ್ದಾರೆ.

ನಿಮಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನೇ. ಇದನ್ನೂ ನಾನೇ ಓದಬೇಕು. ನಡುವೆ ಸಾಲು ಹಾರಿಸಿದರೂ ನಿಮಗೆ ತಿಳಿಯುವುದಿಲ್ಲ. ನಾಳೆ ಬೆಳಿಗ್ಗೆ ಚಹಾ ಆದಮೇಲೆ ನಿಮ್ಮ ಪಕ್ಕ ಕೂತು, ಮೊದಲನೆಯ ಸಾಲಿನಿಂದ ಓದುತ್ತೇನೆ, ಅಕ್ಕಾ.