ಟೈಪಿಂಗ್ ಟೀಚರ್ ಮತ್ತು ಬನ್ನೂರು ಕಡೆಯ ತಾಯಿ

ಕಳೆದ ವಾರ ಕಚೇರಿಯ ಹಳೆಯ ಬೀರು ಖಾಲಿ ಮಾಡುವಾಗ ಒಂದು ಕಟ್ಟು ಕಾರ್ಬನ್ ಹಾಳೆ ಸಿಕ್ಕಿತು. ಮೂಗಿಗೆ ಹಿಡಿದೆ. ಅದೇ ಎಣ್ಣೆಯಂಥ ವಾಸನೆ... ನಂಜನಗೂಡಿನ ನಮ್ಮ ಟೈಪಿಂಗ್ ಟೀಚರ್ ನೆನಪಾದರು.

ತೊಂಬತ್ತರ ದಶಕದಲ್ಲಿ ನಾನು ಅವರ ಶಿಷ್ಯೆ. ಅನ್ಯಾಯಕ್ಕೆ ಸಿಕ್ಕಿದವರಿಗೆ ಅವರು ಪುಕ್ಕಟೆಯಾಗಿ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ಅಷ್ಟಕ್ಕೇ ಬಿಡುತ್ತಿರಲಿಲ್ಲ, ಶಾಸಕರ, ಮಂತ್ರಿಗಳ ಎದುರಿಗೇ ಕರೆದೊಯ್ದು ನಿಲ್ಲಿಸುತ್ತಿದ್ದರು. "ಕಾಗದಾನ ಪಕ್ಕಕ್ಕಿಡಬೋದು ಕಣೇ, ಮನುಷ್ಯರನ್ನ ಹೆಂಗೆ ಇಡ್ತಾರೆ?" ಎನ್ನುತ್ತಿದ್ದರು.

ಒಮ್ಮೆ ಬನ್ನೂರು ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಬಂದರು. ಕಳ್ಳತನದ ಅನುಮಾನದಲ್ಲಿ ಪೊಲೀಸರು ಹಿಡಿದೊಯ್ದಿದ್ದ ಅವರ ಮಗ ಲಾಕಪ್ಪಿನಲ್ಲಿ ಸತ್ತಿದ್ದ. ನೇಣು ಹಾಕಿಕೊಂಡ ಎಂದು ಹೇಳಿ ಹೆಣ ಕೊಟ್ಟಿದ್ದರು.

ಮಂತ್ರಿಯೊಬ್ಬರು ನರಸೀಪುರದ ಪ್ರವಾಸಿ ಮಂದಿರಕ್ಕೆ ಬಂದ ದಿನ ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಮಂತ್ರಿ ಅರ್ಜಿ ತೆಗೆದುಕೊಂಡು ಕಾರಿನ ಕಡೆ ತಿರುಗಿದರು. ಟೀಚರ್ ಅಡ್ಡ ನಿಂತರು. "ಓದೋದು ಆಮೇಲೆ ಸಾರ್. ತಾಯಿ ಇಲ್ಲೇ ಇದಾರೆ, ಕೇಳಿಸ್ಕೊಳಿ."

"ಎಣ ಮೀಯಿಸ್ದೋಳು ನಾನು ಸಾ," ಎಂದರು ಆ ತಾಯಿ. "ಬೆನ್ನಲ್ಲಿ ಕೈ ಇಡಾಕೆ ಜಾಗ ಇರ್ನಿಲ್ಲ. ಅಂಗೆ ಒಡ್ದಿದ್ರು."

ಮಂತ್ರಿ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ತನಿಖೆಗೆ ಆದೇಶವಾಯಿತು. ಯಾರನ್ನು ಹಿಡಿದು ತಂದರೂ ಅವರ ಮನೆಗೆ ತಕ್ಷಣ ತಿಳಿಸಬೇಕೆಂಬ ಫಲಕ ಸುತ್ತಲಿನ ಠಾಣೆಗಳ ಗೋಡೆಗೆ ಬಂತು.

ಆದರೆ ತನಿಖೆ ಎಳೆಯುತ್ತಲೇ ಹೋಯಿತು, ಆ ತಾಯಿ ಮೂರು ವರ್ಷ ಅದನ್ನೇ ಹೇಳುತ್ತಾ ತಿರುಗಬೇಕಾಯಿತು... ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಹೊಸದಾಗಿ ಗೆದ್ದ ಶಾಸಕರ ಮನೆಯಲ್ಲಿ. ಹಾಗೆ ಹೋಗಿಬರುವಾಗ ಒಂದು ದಿನ ಬಸ್ಸಿನಲ್ಲಿ ಟೀಚರರ ಕೈ ಹಿಡಿದು, "ಇನ್ ನನ್ ಕೈಲಿ ಏಳಾಕಾಗಾಕಿಲ್ಲ ಕಣವ್ವ. ಏಳ್ದಾಗೆಲ್ಲಾ ಅವನ್ನ ಇನ್ನೊಂದ್ಸಲ ಮೀಯಿಸ್ದಂಗಾಯ್ತದೆ" ಎಂದರು.

ಆಕೆ ಇಳಿದು ಹೋದ ಮೇಲೆ ಟೀಚರ್ ನನ್ನ ಕಡೆ ತಿರುಗಿ, "ನಾನೂ ಅವ್ರಿಗೆ ಹಿಂಸೆ ಕೊಟ್ಟೆ ಅಲ್ವೇನೇ?" ಎಂದು ಕೇಳಿದರು.

ಮತ್ತೆಂದೂ ಟೀಚರ್ ಆಕೆಯನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಒಬ್ಬರೇ ಅಲೆದರು. ಹೊಡೆದೇ ಕೊಂದದ್ದು ಎಂಬ ವರದಿ ಕೊನೆಗೂ ಬಂದಾಗ ನಾವಿಬ್ಬರೂ ಅದನ್ನು ಹಳ್ಳಿಗೆ ಒಯ್ದೆವು. ಓದು ಬಾರದ ಆ ತಾಯಿ, "ಅವನ್ ಎಸ್ರು ಎಲ್ಲೈತೆ, ತೋರ್ಸವ್ವ" ಎಂದರು. ಟೀಚರ್ ತೋರಿಸಿದರು. ಆಕೆ ಅದರ ಮೇಲೆ ಬೆರಳಿಟ್ಟರು, ತೆಗೆಯಲೇ ಇಲ್ಲ...

ಕೆಲವು ವರ್ಷಗಳಲ್ಲಿ ಟೀಚರ್ ತೀರಿಕೊಂಡರು. ಸರ್ಕಾರಿ ನೌಕರಿಯ ಮೇಲೆ ದೂರದಲ್ಲಿದ್ದ ನನಗೆ ಸುದ್ದಿ ಮುಟ್ಟಿದ್ದು ತಿಂಗಳಾದ ಮೇಲೆ. ಆ ತಾಯಿ ಬಂದು ಹೆಣದ ಪಕ್ಕ ಸಂಜೆಯವರೆಗೆ ಕುಳಿತಿದ್ದರಂತೆ.

ಈಗ ನನ್ನ ಮೇಜಿನ ಮುಂದೆಯೂ ಅಂಥ ತಾಯಂದಿರು ಬರುತ್ತಾರೆ. ಅವರನ್ನು ಕೂರಿಸಿ ಕೇಳುವ, ಕೇಳಬೇಕಾದವರ ಬಳಿಗೆ ಕರೆದೊಯ್ಯುವ ಧೈರ್ಯ ನನಗೆ ಬರಲೇ ಇಲ್ಲ. ಅರ್ಜಿ ತೆಗೆದುಕೊಳ್ಳುತ್ತೇನೆ, ಮುದ್ರೆ ಒತ್ತಿ ಕಳಿಸುತ್ತೇನೆ.